ಕಣ್ಣೀರಿಗೊಂದು ಸುಳ್ಳು ಕಾರಣ

ನಾವು ಚಿಕ್ಕವರಿದ್ದಾಗ ಅಡುಗೆಮನೆಯಿಂದ ಹೊರಬರುವ ಅಮ್ಮಿಯ ಕಣ್ಣು ಕೆಲವೊಮ್ಮೆ ಕೆಂಪಾಗಿರುತ್ತಿತ್ತು. ಏಕೆಂದು ಕೇಳಿದರೆ 'ಸೌದೆ ಹಸಿ, ಬರೀ ಹೊಗೆ' ಎನ್ನುತ್ತಿದ್ದರು. ಸೌದೆ ಒಲೆ ಹೋಗಿ ಗ್ಯಾಸ್ ಬಂದ ಮೇಲೆ ಹೊಗೆಯ ಜಾಗಕ್ಕೆ ಈರುಳ್ಳಿ ಬಂತು. ಕಾರಣ ಸುಳ್ಳೆಂದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಆದರೂ ಮನೆಯಲ್ಲಿ ಯಾರೂ ಅದನ್ನು ಕೆದಕಲಿಲ್ಲ.

ಇಂಥ ಸುಳ್ಳಿಗೆ ಕಾವ್ಯದಲ್ಲೊಂದು ಹೆಸರಿದೆಯೆಂದು ಉರ್ದು ಓದುವಾಗ ತಿಳಿಯಿತು: 'ಹುಸ್ನೆ ತಾಲೀಲ್', ಕಾರಣ ಹೇಳುವುದರ ಚೆಲುವು. ನಿಜ ಕಾರಣವನ್ನು ಬದಿಗಿಟ್ಟು ಕವಿ ತನ್ನದೇ ಒಂದನ್ನು ಕಟ್ಟುತ್ತಾನೆ. ಇರುಳು ಅತ್ತದ್ದರಿಂದ ಇಬ್ಬನಿ ಬಿತ್ತು ಎನ್ನುತ್ತಾನೆ. ಗಜಲಿನ ಪ್ರೇಮಿಯ ಕಣ್ಣಿಂದ ಇಳಿಯುವುದು ನೀರಲ್ಲ, ಜಿಗರಿನ ರಕ್ತ. ಕನ್ನಡ ತರಗತಿಯಲ್ಲಿ ಉತ್ಪ್ರೇಕ್ಷೆ ಕಲಿತಾಗ ಅದರ ನೆಂಟಸ್ತಿಕೆ ಕಂಡಿತು. ಉತ್ಪ್ರೇಕ್ಷೆ 'ಅತ್ತಿತೋ ಎಂಬಂತೆ' ಎಂದು ಒಂದು ಹೆಜ್ಜೆ ಹಿಂದೆ ನಿಲ್ಲುತ್ತದೆ. ಹುಸ್ನೆ ತಾಲೀಲ್ ನೇರವಾಗಿ ಹೇಳಿಬಿಡುತ್ತದೆ. ನಂಬಲೇಬೇಕೆಂಬ ಹಟ ಮಾತ್ರ ಎರಡಕ್ಕೂ ಇಲ್ಲ.

ನಂಬಿಸಲು ಹೊರಟ ಕಾರಣಗಳ ಪಾಡು ಬೇರೆ. ಕಣ್ಣೀರು ಮೆದುಳಿನಿಂದ ಸೋರುವ ತೇವವೆಂದು ಯುರೋಪಿನಲ್ಲಿ ಬಹುಕಾಲ ನಂಬಿದ್ದರು. 1662ರಲ್ಲಿ ಡೆನ್ಮಾರ್ಕಿನ ನೀಲ್ಸ್ ಸ್ಟೆನ್ಸನ್ ಕಣ್ಣಿನ ಗ್ರಂಥಿಯ ನಾಳಗಳನ್ನು ತೋರಿಸಿದರು. ಮನುಷ್ಯನ ಪೂರ್ವಜರು ಸಮುದ್ರದಲ್ಲಿ ಬದುಕುತ್ತಿದ್ದರು, ಉಪ್ಪು ಹೊರಹಾಕಲು ಅಳುತ್ತಿದ್ದರು ಎಂದವರುಂಟು. ಆದರೆ ನಮ್ಮ ಕಣ್ಣೀರು ಹೆಚ್ಚುಕಡಿಮೆ ನಮ್ಮ ರಕ್ತದಷ್ಟೇ ಉಪ್ಪು. ಆದಿಮಾನವರು ಸತ್ತವರನ್ನು ಸುಡುವಾಗ ಹೊಗೆ ತಾಗಿ ಕಣ್ಣೀರಿಗೂ ದುಃಖಕ್ಕೂ ನಂಟು ಬೆಳೆಯಿತೆಂದು ಅಮೆರಿಕದ ನರವಿಜ್ಞಾನಿ ಪಾಲ್ ಮೆಕ್ಲೀನ್ ಊಹಿಸಿದರು. ಅಮ್ಮಿ ಹೇಳಿದ್ದೂ ಹೊಗೆಯನ್ನೇ, ಆದರೆ ಅವರು ಅದನ್ನು ಸಿದ್ಧಾಂತ ಮಾಡಲಿಲ್ಲ. ಅತ್ತರೆ ದೇಹದ ವಿಷ ಹೊರಹೋಗುತ್ತದೆ ಎಂಬ ಮಾತು 1980ರ ದಶಕದಲ್ಲಿ ವಿಲಿಯಂ ಫ್ರೇ ಅವರ ಸಂಶೋಧನೆಯ ಬೆನ್ನಿಗೆ ಹಬ್ಬಿ, ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ ಇಂದಿಗೂ ಓಡಾಡುತ್ತಿದೆ. ನಾಲ್ಕು ಹನಿಯಲ್ಲಿ ಹೋಗುವ ವಿಷ ಎಷ್ಟಿದ್ದೀತು? ಈಚಿನ ಸಂಶೋಧಕರು ಹೆಚ್ಚಾಗಿ ಒತ್ತುಕೊಡುವುದು ಸರಳ ಸಂಗತಿಗೆ: ಕಣ್ಣೀರು ಇನ್ನೊಬ್ಬರನ್ನು ಹತ್ತಿರ ಕರೆಯುತ್ತದೆ.

ಇವರನ್ನು ನೋಡಿ ಕತೆಗಾರರಾದ ನಾವು ನಗುವಂತಿಲ್ಲ. ಕನ್ನಡ ಕತೆಯಲ್ಲಿ ಮುಸ್ಲಿಂ ಹೆಣ್ಣಿನ ಕಣ್ಣೀರಿಗೆ ಸಿದ್ಧ ಕಾರಣಗಳಿವೆ: ತಲಾಖ್, ಸವತಿ, ಬುರ್ಖಾ. ಈ ನೋವುಗಳು ಸುಳ್ಳಲ್ಲ. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ನಾದಿರಾಳ ದುಃಖದಲ್ಲಿ ತಲಾಖಿನ ಜೊತೆಗೆ ಅಪ್ಪನ ಹಟವಿದೆ, ಮಗುವಿದೆ, ಅವಳು ಪ್ರೀತಿಸುವ ಗಂಡನಿದ್ದಾನೆ. ಆಮೇಲೆ ಬಂದ ಎಷ್ಟೋ ಕತೆಗಳಲ್ಲಿ ಕಾರಣ ಮೊದಲು ಬಂತು, ಹೆಣ್ಣು ಹಿಂದಿನಿಂದ ಬಂದಳು. ಅವುಗಳಲ್ಲಿ ನಮ್ಮ ಕತೆಗಳೂ ಇವೆ. ಹೊಲಿಗೆ ಯಂತ್ರ ಮಾರಿದ ದಿನ ಅಳುವ ಹೆಂಗಸಿನ ಬಗ್ಗೆ ಒಮ್ಮೆ ಬರೆದೆವು. ಗಂಡ ಪಕ್ಕದಲ್ಲೇ ಕೂತಿದ್ದಾನೆ. ಆದರೂ ಓದಿದವರೊಬ್ಬರು 'ತಲಾಖ್ ಕೊಟ್ಟನೇ?' ಎಂದು ಕೇಳಿದರು. ಹಾಗೆ ಓದುವುದನ್ನು ನಾವೇ ರೂಢಿ ಮಾಡಿಸಿದ್ದೆವು.

ಪ್ರವಾದಿಯವರ (ಸ) ಎಳೆಯ ಮಗ ಇಬ್ರಾಹೀಮ್ ತೀರಿಕೊಂಡಾಗ ಅವರ ಕಣ್ಣು ತುಂಬಿತು. ತಾವೂ ಅಳುವುದೇ ಎಂದು ಸಂಗಾತಿಯೊಬ್ಬರು ಕೇಳಿದರೆ, ಇದು ಕರುಣೆ ಎಂದಷ್ಟೇ ತಿಳಿಸಿದರು. ಅಂದೇ ಸೂರ್ಯಗ್ರಹಣವಾಯಿತು. ಮಗುವಿನ ಸಾವಿಗೆ ಸೂರ್ಯನೂ ಕಪ್ಪಾದ ಎಂದು ಜನ ಆಡಿಕೊಂಡರು. ಎಷ್ಟು ಚೆಂದದ ಹುಸ್ನೆ ತಾಲೀಲ್! ಆದರೆ ಜನ ಅದನ್ನು ನಂಬತೊಡಗಿದ್ದರು. ಯಾರ ಹುಟ್ಟು ಸಾವಿಗಾಗಿಯೂ ಗ್ರಹಣ ಹಿಡಿಯುವುದಿಲ್ಲವೆಂದು, ಮಗನನ್ನು ಕಳೆದುಕೊಂಡ ಆ ತಂದೆಯೇ ತಿದ್ದಿದರು. ತಮ್ಮ ಕಣ್ಣೀರನ್ನು ಮಾತ್ರ ಮರೆಮಾಡಲಿಲ್ಲ.

ಇನ್ನು ಮುಂದೆ ಕತೆಯಲ್ಲಿ ಹೆಣ್ಣೊಬ್ಬಳು ಕಣ್ಣೊರೆಸಿಕೊಂಡು 'ಈರುಳ್ಳಿ' ಎಂದರೆ, ಅಷ್ಟನ್ನೇ ಬರೆದು ಸುಮ್ಮನಿರಲು ನಾವು ಕಲಿಯಬೇಕು. ಉಳಿದದ್ದನ್ನು ಓದುಗರು ಅವಳ ಬದುಕಿನಲ್ಲಿ ಹುಡುಕಿಕೊಂಡಾರು.