ಅರವತ್ತು ಮೀಟರಿನ ಮಾಫಿ

ವಿಳುಪ್ಪುರಂ–ನಾಗಪಟ್ಟಿಣಂ ಹೆದ್ದಾರಿಯ ಬಗ್ಗೆ ಸುಪ್ರೀಂ ಕೋರ್ಟ್ 2021ರ ಜನವರಿಯಲ್ಲಿ ಕೊಟ್ಟ ತೀರ್ಪಿಗೆ ನಮ್ಮ ಪರಿಸರ ಬರಹಗಾರರು ತೋರುವ ಭಕ್ತಿ ನನಗೆ ಇನ್ನೂ ಬಿಡಿಸಲಾಗದ ಒಗಟು. ಪರಿಸರ ಅನುಮತಿಯಿಂದ ತಪ್ಪಿಸಿಕೊಳ್ಳುವ ತಂತ್ರವಾಗಿ ಯೋಜನೆಯನ್ನು ತುಂಡು ಮಾಡಕೂಡದು ಎಂಬರ್ಥದ ಮಾತೊಂದು ಅದರಲ್ಲಿದೆ. ವಿಚಾರ ಸಂಕಿರಣಕ್ಕೆ ಹೋದರೆ ಅದೇ ಮಾತು, ಅಂಕಣ ತೆರೆದರೂ ಅದೇ. ಉದ್ಧರಿಸುವವರು ಅದರ ಮುಂದಿನ ಸಂಗತಿಗೆ ಮಾತ್ರ ಬಾಯಿ ಹಾಕುವುದಿಲ್ಲ. ಆ ಮೊಕದ್ದಮೆಯಲ್ಲಿ ಗೆದ್ದದ್ದು ಹೆದ್ದಾರಿ ಪ್ರಾಧಿಕಾರ. ಸುಮಾರು 180 ಕಿ.ಮೀ. ಉದ್ದದ ರಸ್ತೆಯನ್ನು ನಾಲ್ಕು ಪ್ಯಾಕೇಜು ಮಾಡಿದ್ದರು. ಅನುಮತಿ ಬೇಕೇ ಬೇಕು ಎಂದಿದ್ದ ಮದ್ರಾಸ್ ಹೈಕೋರ್ಟಿನ ಆದೇಶ ಬಿದ್ದುಹೋಯಿತು. ತುಂಡು ಮಾಡುವುದು ಸರಿಯೋ ತಪ್ಪೋ ಎಂಬುದನ್ನು ನೋಡಲು ತಜ್ಞರ ಸಮಿತಿಗೆ ದಾಟಿಸಿದ್ದಾಯಿತು.

ಉತ್ತರಾಖಂಡದ ಚಾರ್‌ಧಾಮ್ ರಸ್ತೆ ಯೋಜನೆ 53 ತುಂಡುಗಳಾದ ಕತೆ ಓದುಗರಿಗೆ ಗೊತ್ತೇ ಇದೆ. ಆ ಗದ್ದಲದಿಂದಾಗಿ ಹೆದ್ದಾರಿ ಎಂದರೆ ತುಂಡು, ತುಂಡು ಎಂದರೆ ಮೋಸ ಎನ್ನುವಷ್ಟಕ್ಕೆ ಚರ್ಚೆ ನಿಂತುಬಿಟ್ಟಿದೆ. ತುಂಡು ಮಾಡದೆಯೂ ತಪ್ಪಿಸಿಕೊಳ್ಳಲು ಬರುತ್ತದೆ. ಅದಕ್ಕೆ ಕಾನೂನೇ ಬಾಗಿಲು ತೆರೆದಿಟ್ಟಿದೆ.

2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ 7(ಎಫ್) ಎಂಬ ನಮೂದು ಹೆದ್ದಾರಿಗಳದ್ದು. ಹೊಸ ರಾಷ್ಟ್ರೀಯ ಹೆದ್ದಾರಿಗೆ ಅನುಮತಿ ಬೇಕು. ಇರುವ ಹೆದ್ದಾರಿಯನ್ನು ಹಿಗ್ಗಿಸುವುದಾದರೆ 30 ಕಿ.ಮೀ. ಉದ್ದ, 20 ಮೀಟರ್ ಹೆಚ್ಚುವರಿ ಅಗಲ ಎಂಬ ಮಿತಿ ಮೊದಲಿತ್ತು. 2013ರ ಆಗಸ್ಟ್ 22ರಂದು ಅದನ್ನು ತಿದ್ದಿದರು. ಈಗ ಉದ್ದ 100 ಕಿ.ಮೀ. ಮೀರಬೇಕು, ಜೊತೆಗೆ, ಹೊಸದಾಗಿ ಹಿಡಿಯುವ ಜಾಗದ ಅಗಲ ಇರುವ ಮಾರ್ಗದಲ್ಲಿ 40 ಮೀಟರ್, ಮಾರ್ಗ ಬದಲಿಸಿದ ಕಡೆ ಅಥವಾ ಬೈಪಾಸಿನಲ್ಲಿ 60 ಮೀಟರ್ ದಾಟಬೇಕು. ಎರಡೂ ಕೂಡಿಬಂದರೆ ಮಾತ್ರ ಅನುಮತಿಯ ಪ್ರಶ್ನೆ. 99 ಕಿ.ಮೀ.ನ ರಸ್ತೆ ಎಷ್ಟೇ ಅಗಲವಾದರೂ ಪಾರು. 300 ಕಿ.ಮೀ.ನ ರಸ್ತೆಯೂ ಅಗಲದ ಗೆರೆಯೊಳಗೆ ನಿಂತರೆ ಪಾರು. ಹೀಗಿರುವಾಗ ತುಂಡು ಮಾಡುವ ತಾಪತ್ರಯವೇ ಯಾಕೆ?

ಆ 40 ಮತ್ತು 60ನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಇರುವ ರಸ್ತೆಯ ಮಗ್ಗುಲಲ್ಲಿ 40 ಮೀಟರ್ ಸೇರಿಸಿದರೆ ಬೀಳುವುದು ಅಂಗಡಿ ಸಾಲು, ಹುಣಸೆಮರ, ಕಾಂಪೌಂಡು. ನಷ್ಟ ನಿಜ, ಆದರೆ ಆ ಜಾಗ ರಸ್ತೆಯ ಧೂಳು ಕುಡಿದು ಬಹಳ ಕಾಲವಾಗಿರುತ್ತದೆ. ಮಾರ್ಗ ಬದಲಿಸಿದಾಗ ಹಾಗಲ್ಲ. ನಿನ್ನೆಯವರೆಗೆ ಗದ್ದೆಯೋ ತೋಪೋ ಕೆರೆಯಂಗಳವೋ ಆಗಿದ್ದ ನೆಲದ ಮೇಲೆ ಇಡೀ ರಸ್ತೆ ಹೊಸದಾಗಿ ಬಂದು ಕೂರುತ್ತದೆ. ಹೆಚ್ಚು ಪರಿಶೀಲನೆ ಬೇಕಾದ್ದು ಅಲ್ಲಿ. ಹೆಚ್ಚು ಸಡಿಲಿಕೆ ಕೊಟ್ಟಿರುವುದೂ ಅಲ್ಲೇ. ಇನ್ನೊಂದು ಸೊಗಸು ನೋಡಿ. ನಾಲ್ಕು ಪಥದ ರಾಷ್ಟ್ರೀಯ ಹೆದ್ದಾರಿಗೆ ಬಯಲುಸೀಮೆಯಲ್ಲಿ ಸಾಮಾನ್ಯವಾಗಿ ಹಿಡಿಯುವ ಅಗಲವೇ 60 ಮೀಟರ್. ನಿಯಮ ಕೇಳುವುದು 60ಕ್ಕಿಂತ ಹೆಚ್ಚಿದ್ದರೆ ಮಾತ್ರ. ಅಂದರೆ ಎಂಜಿನಿಯರು ಮಾಮೂಲಿಯಾಗಿ ಬರೆಯುವ ನಕ್ಷೆ ಗೆರೆಗೆ ತಾಗಿ ನಿಲ್ಲುತ್ತದೆ, ದಾಟುವುದಿಲ್ಲ. 20 ಕಿ.ಮೀ.ನ ಒಂದು ಬೈಪಾಸ್ 60 ಮೀಟರ್ ಅಗಲಕ್ಕೆ 120 ಹೆಕ್ಟೇರ್ ನುಂಗುತ್ತದೆ, ಸುಮಾರು 300 ಎಕರೆ. ಬೆಂಗಳೂರಿನಲ್ಲಿ 20,000 ಚದರ ಮೀಟರ್ ಕಟ್ಟುವ ಅಪಾರ್ಟ್‌ಮೆಂಟಿನವನು ಇದೇ ಅಧಿಸೂಚನೆಯಡಿ ಅನುಮತಿಗೆ ಕಡತ ಹಿಡಿದು ಅಲೆಯುತ್ತಾನೆ. ಬೈಪಾಸಿಗೆ ಆ ಅಲೆದಾಟವಿಲ್ಲ. ಅನುಮತಿಯೇ ಬೇಡವೆಂದ ಮೇಲೆ ಸಾರ್ವಜನಿಕ ಅಹವಾಲು ಸಭೆಯೂ ಇಲ್ಲ.

2021ರ ತೀರ್ಪು ಈ ಅಂಕಿಗಳನ್ನೇ ಅಳತೆಗೋಲಾಗಿ ಹಿಡಿಯಿತು. ಭೂಸ್ವಾಧೀನ 40 ಮತ್ತು 60ರ ಒಳಗಿದೆ, ಆದ್ದರಿಂದ ಅನುಮತಿ ಬೇಡ. ಪ್ರಾಧಿಕಾರ ಆ ಮಿತಿಯನ್ನು ಕಟ್ಟುನಿಟ್ಟಾಗಿ ಪಾಲಿಸಲಿ ಎಂದಿತು. ಬಾಗಿಲು ಇಷ್ಟೇ ತೆರೆದಿರಲಿ ಎಂದು ತಾಕೀತು ಮಾಡಿದ ತೀರ್ಪನ್ನು ಬಾಗಿಲು ಮುಚ್ಚಿಸಿದ ತೀರ್ಪೆಂದು ಹೊಗಳುವುದು ಯಾವ ಓದು?

ವಿಳುಪ್ಪುರಂ–ನಾಗಪಟ್ಟಿಣಂ ರಸ್ತೆಯ ತೆಂಕಣ ಭಾಗ ಹಾದುಹೋಗುವುದು ಕಾವೇರಿಯ ಮುಖಜ ಭೂಮಿಯಲ್ಲಿ. ಕೊಡಗಿನಲ್ಲಿ ಹುಟ್ಟಿದ ನೀರು ಕೊಳ್ಳಿಡಂ ನದಿಯಾಗಿ, ಹತ್ತಾರು ಕಾಲುವೆಗಳಾಗಿ ಒಡೆದು ಮೂಡಣ ಕಡಲಿಗೆ ಸಾಗುವ ಸೀಮೆ ಅದು. ನೀರಿನ ದಾರಿ ಪಡುವಣದಿಂದ ಮೂಡಣಕ್ಕೆ, ಹೆದ್ದಾರಿಯ ದಾರಿ ಬಡಗಿನಿಂದ ತೆಂಕಣಕ್ಕೆ. ರಸ್ತೆಯನ್ನು ಊರಿಂದ ಹೊರಗೆ ಗದ್ದೆಬಯಲಿಗೆ ಎಳೆದಾಗ ಮಣ್ಣಿನ ಏರಿ ಎತ್ತರಿಸಬೇಕು. ಏರಿ ಎಂದರೆ ಮಳೆಗಾಲದಲ್ಲಿ ಒಡ್ಡು. ಮೋರಿ ಎಲ್ಲಿ, ಎಷ್ಟು ಅಗಲ, ಅದರ ತಳ ಗದ್ದೆಯ ಮಟ್ಟಕ್ಕಿಂತ ಮೇಲೋ ಕೆಳಗೋ, ತಮಿಳರ ಐಪ್ಪಸಿ ತಿಂಗಳ ಮಳೆ ಹಿಡಿದಾಗ ಯಾರ ಪೈರು ಎಷ್ಟು ದಿನ ನೀರಲ್ಲಿ ನಿಲ್ಲುತ್ತದೆ ಎಂಬುದನ್ನು ಕೇಳಬೇಕಾದ ವರದಿಯೇ ಪರಿಸರ ಪರಿಣಾಮದ ವರದಿ. ಅರಣ್ಯ, ಕರಾವಳಿ ಕಾನೂನುಗಳು ಬೇರೆ ಇವೆಯಲ್ಲ ಎನ್ನುವವರಿದ್ದಾರೆ. ಅರಣ್ಯ ಕಾನೂನಿಗೆ ಭತ್ತದ ಗದ್ದೆ ಕಾಣುವುದಿಲ್ಲ. ಚಿದಂಬರದಂಥ ಊರಿನ ಬೀದಿಯಿಂದ ಲಾರಿಗಳು ಆಚೆ ಹೋಗುವುದು ಒಳ್ಳೆಯದೇ, ಒಪ್ಪೋಣ. ಆಚೆ ಎಂದರೆ ಎಲ್ಲಿಗೆ ಎಂದು ಕೇಳುವುದಕ್ಕೂ ಅವಕಾಶವಿರಬೇಕು.

ಪರಿಸರ ವರದಿಗಳು ನಕಲು, ಸಲಹಾ ಸಂಸ್ಥೆಗಳು ಗುತ್ತಿಗೆದಾರರ ಜೇಬಿನಲ್ಲಿವೆ ಎಂದು ಬರೆಯುವ ಇನ್ನೊಂದು ಗುಂಪಿದೆ. ಅವರ ಸಿಟ್ಟು ನ್ಯಾಯವಾದದ್ದು, ಗುರಿ ಮಾತ್ರ ಓರೆ. ಇಲ್ಲಿ ವರದಿ ಕೆಟ್ಟದಾಗಿದೆ ಎನ್ನುವುದಕ್ಕೆ ವರದಿಯೇ ಹುಟ್ಟುವುದಿಲ್ಲ. ದೇಶದ ಗಡಿಯಿಂದ 100 ಕಿ.ಮೀ. ಒಳಗಿನ, ರಕ್ಷಣಾ ಮಹತ್ವದ ಹೆದ್ದಾರಿಗಳಿಗಂತೂ 2022ರ ಜುಲೈನಲ್ಲಿ ಇಷ್ಟನ್ನೂ ಮಾಫಿ ಮಾಡಿದರು. ಇಲ್ಲದ ವರದಿಯ ಗುಣಮಟ್ಟ ಅಳೆಯುತ್ತ ಕೂತರೆ ಇಲಾಖೆಗೆ ಅದಕ್ಕಿಂತ ಅನುಕೂಲ ಇನ್ನೇನಿದೆ?

ಯಾರೂ ಹೊಗಳದ ತೀರ್ಪು ಬೇರೆಯದಿದೆ. ರಸ್ತೆ, ಪೈಪ್‌ಲೈನ್‌ಗಳಂಥ ಉದ್ದನೆಯ ಕಾಮಗಾರಿಗೆ ಮಾಮೂಲಿ ಮಣ್ಣು ಅಗೆಯಲು ಪರಿಸರ ಅನುಮತಿ ಬೇಡವೆಂದು ಕೇಂದ್ರ ಸರ್ಕಾರ 2020ರ ಮಾರ್ಚ್ 28ರಂದು, ಲಾಕ್‌ಡೌನ್ ಶುರುವಾಗಿ ಮೂರೇ ದಿನಕ್ಕೆ, ಆಕ್ಷೇಪಣೆ ಕರೆಯದೆ ಹೇಳಿಬಿಟ್ಟಿತ್ತು. 2024ರ ಮಾರ್ಚ್ 21ರಂದು ಸುಪ್ರೀಂ ಕೋರ್ಟ್ ಆ ಅಂಶವನ್ನು ಹೊಡೆದುಹಾಕಿತು. ಎಷ್ಟು ಮಣ್ಣು, ಎಷ್ಟು ಜಾಗದಲ್ಲಿ, ಯಾವುದನ್ನು ಇಂಥ ಕಾಮಗಾರಿ ಎನ್ನಬೇಕು ಎಂಬ ಯಾವ ವಿವರವೂ ಇಲ್ಲದ ವಿನಾಯಿತಿ ಮನಸೋಇಚ್ಛೆಯದು ಎಂದಿತು. ಕೆಮ್ಮಣ್ಣಿನ ವಿಷಯವಾದ್ದರಿಂದಲೋ ಏನೋ, ಇದು ಸಂಕಿರಣದ ಕಾಗದಗಳಿಗೆ ಏರಲಿಲ್ಲ. ವಿನಾಯಿತಿ ಕೊಟ್ಟವರೇ ಅದಕ್ಕೆ ಕಾರಣ ಹೇಳಬೇಕೆಂದು ಕೇಳಿದ ತೀರ್ಪು ಇದು. ಇರುವ ಮಾರ್ಗಕ್ಕೆ 40, ಬದಲಿಸಿದ ಮಾರ್ಗಕ್ಕೆ 60 ಏಕೆ ಎಂದು ಕೇಳಲು ಹೊರಡುವ ವಕೀಲ 2021ನ್ನು ಮಡಚಿಟ್ಟು ಇದರಿಂದಲೇ ಶುರು ಮಾಡಬೇಕು.