ಪೆರ್ರಿಯ ಬಲಗಾಲು

ದೀಪಾವಳಿ ಪಾಡ್ಯ ಬಂತೆಂದರೆ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಹೋರಿ ಹಬ್ಬದ ಹುರುಪು. ಕೊಬ್ಬರಿ ಸರ ಕಟ್ಟಿಕೊಂಡ ಹೋರಿ ಅಖಾಡಕ್ಕೆ ನುಗ್ಗಿದಾಗ ಎಲ್ಲರ ಕಣ್ಣೂ ಹೋರಿಯ ಮೇಲೆ. ನನ್ನ ಕಣ್ಣು ಮಾತ್ರ ಕೊಬ್ಬರಿ ಹರಿಯಲು ನಿಂತ ಹುಡುಗರ ಕಾಲ ಮೇಲೆ. ಕೈ ಚಾಚುವುದರೊಳಗೆ ಕಾಲು ತನ್ನ ಜಾಗ ಹಿಡಿದಿರುತ್ತದೆ. ಅಂಥವನೊಬ್ಬ ಬೇಸಿಗೆಯ ಟೆನಿಸ್ ಬಾಲ್ ಟೂರ್ನಿಯಲ್ಲಿ ಕವರ್ಸ್‌ನಲ್ಲಿ ನಿಂತರೆ, ಅತ್ತ ತಳ್ಳಿ ಒಂದು ರನ್ ಕದಿಯಲು ಬ್ಯಾಟ್ಸ್‌ಮನ್ ಎರಡು ಸಲ ಯೋಚಿಸುತ್ತಾನೆ.

ಆ ಕಾಲು ನೋಡಿದಾಗಲೆಲ್ಲ ನನಗೆ ನೆನಪಾಗುವುದು ಎಲಿಸ್ ಪೆರ್ರಿ. ಹೌದು, ನಮ್ಮ ಆರ್‌ಸಿಬಿಯ ಪೆರ್ರಿಯೇ. 2024ರಲ್ಲಿ ಚಿನ್ನಸ್ವಾಮಿ ಅಂಗಳದಲ್ಲಿ ಸಿಕ್ಸರ್ ಹೊಡೆದು, ಪ್ರದರ್ಶನಕ್ಕಿಟ್ಟ ಕಾರಿನ ಗಾಜು ಪುಡಿ ಮಾಡಿದಾಕೆ. 2007ರಲ್ಲಿ, ಹದಿನಾರರ ಹರೆಯದಲ್ಲಿ, ಎರಡೇ ವಾರಗಳ ಅಂತರದಲ್ಲಿ ಆಸ್ಟ್ರೇಲಿಯಾದ ಕ್ರಿಕೆಟ್ ತಂಡಕ್ಕೂ ಫುಟ್‌ಬಾಲ್ ತಂಡಕ್ಕೂ ಕಾಲಿಟ್ಟಳು. ಹಾಂಗ್‌ಕಾಂಗ್ ವಿರುದ್ಧ ಆಡಿದ ಮೊದಲ ಫುಟ್‌ಬಾಲ್ ಪಂದ್ಯದ ಎರಡನೇ ನಿಮಿಷಕ್ಕೇ ಗೋಲು!

ಆದರೆ ರಸಿಕನಿಗೆ ಬೇಕಾದದ್ದು 2010ರ ಟಿ20 ವಿಶ್ವಕಪ್ ಫೈನಲ್‌ನ ಕೊನೆಯ ಎಸೆತ. ಬಾರ್ಬಡಾಸ್‌ನ ಬ್ರಿಜ್‌ಟೌನ್. ನ್ಯೂಜಿಲೆಂಡಿಗೆ ಬೇಕಿದ್ದದ್ದು ಐದು ರನ್, ನಾಲ್ಕಾದರೆ ಟೈ. ಸೋಫಿ ಡಿವೈನ್ ಬೀಸಿದ ಚೆಂಡು ನೆಲ ಹಿಡಿದು ನೇರ ಬೌಲರ್ ಪೆರ್ರಿಯತ್ತ ಬಂತು. ಬಗ್ಗಿ ಹಿಡಿಯಲು ವ್ಯವಧಾನವಿಲ್ಲ. ಬಲಗಾಲು ಚಾಚಿದಳು. ಬೂಟಿಗೆ ತಗುಲಿದ ಚೆಂಡು ದಿಕ್ಕು ತಪ್ಪಿ ಮಿಡ್ ಆನ್‌ನಲ್ಲಿದ್ದ ಲಿಸಾ ಸ್ಥಳೇಕರ್ ಕಡೆ ಹೊರಳಿತು. ಸಿಕ್ಕಿದ್ದು ಒಂದೇ ರನ್. ಆಸ್ಟ್ರೇಲಿಯಾಕ್ಕೆ ಮೂರು ರನ್ನಿನ ಗೆಲುವು. ಕ್ರಿಕೆಟ್ ಪುಸ್ತಕದಲ್ಲಿ ಆ ಹೊಡೆತ ತಡೆಯಲು ಕಲಿಸುವುದು ಕೈಯಿಂದ. ಇವಳನ್ನು ಗೆಲ್ಲಿಸಿದ್ದು ಇನ್ನೊಂದು ಆಟದ ಕಾಲು. ಮರುವರ್ಷ ಫುಟ್‌ಬಾಲ್ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಸ್ವೀಡನ್ ವಿರುದ್ಧ ಪೆನಾಲ್ಟಿ ಬಾಕ್ಸ್‌ನ ಹೊರಗಿನಿಂದ ಬಾಗಿಸಿ ಒಂದು ಗೋಲು ಹೊಡೆದಳು. ತಂಡ ಸೋತಿತು, ಗೋಲು ಉಳಿಯಿತು.

ಹೀಗೆ ಎರಡೂ ಆಟ ಆಡಿದ ನಮ್ಮವರಲ್ಲಿ ಚುನಿ ಗೋಸ್ವಾಮಿ ಇದ್ದರಲ್ಲ! 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಫುಟ್‌ಬಾಲ್ ಚಿನ್ನ ಗೆದ್ದ ನಾಯಕ. ಹತ್ತು ವರ್ಷದೊಳಗೆ ರಣಜಿ ಫೈನಲ್‌ನಲ್ಲಿ ಬಂಗಾಳದ ನಾಯಕ. ಮಳೆಗಾಲಕ್ಕೆ ಫುಟ್‌ಬಾಲ್, ಚಳಿಗಾಲಕ್ಕೆ ಕ್ರಿಕೆಟ್ ಎಂಬ ಕೋಲ್ಕತ್ತೆಯ ಪಂಚಾಂಗ ಅವರನ್ನು ಕಾಪಾಡಿತು. ನಮ್ಮಲ್ಲಿ ಮುಂಗಾರಿ, ಹಿಂಗಾರಿ ಇದ್ದ ಹಾಗೆ.

ಪೆರ್ರಿಗೆ ಆ ಪಂಚಾಂಗ ದಕ್ಕಲಿಲ್ಲ. 2012ರಲ್ಲಿ ಕ್ಯಾನ್‌ಬೆರಾದ ಆಕೆಯ ಫುಟ್‌ಬಾಲ್ ಕ್ಲಬ್, ಎರಡು ಆಟಗಳಲ್ಲಿ ಒಂದನ್ನು ಆರಿಸಿಕೋ ಎಂದಿತು. ಆಕೆ ಆಟ ಬಿಡಲಿಲ್ಲ, ಕ್ಲಬ್ ಬಿಟ್ಟು ಸಿಡ್ನಿಗೆ ಹೋದಳು. ಆಮೇಲೆ ವರ್ಷವಿಡೀ ಕ್ರಿಕೆಟ್ಟೇ ತುಂಬಿಕೊಂಡು ಫುಟ್‌ಬಾಲ್ ತಾನಾಗಿ ಕಳಚಿತು. ಚಿನ್ನಸ್ವಾಮಿಯಲ್ಲಿ ಆಕೆ ಬೌಲಿಂಗ್‌ಗೆ ಓಡಿ ಬಂದಾಗ ಚೆಂಡು ನೇರ ವಾಪಸು ಬರಲಿ ಎಂದು ನಾನು ಈಗಲೂ ಕಾಯುತ್ತೇನೆ.