ಹಗುರ ಕಿರೀಟ

1991ರಲ್ಲಿ ಡೇವಿಡ್ ಎಸ್. ವಾರ್ಡ್ ನಿರ್ದೇಶಿಸಿದ ‘ಕಿಂಗ್ ರಾಲ್ಫ್’ ದೊಡ್ಡ ಚಿತ್ರವೆಂದು ಯಾರೂ ಹೇಳಲಾರರು, ನಾನೂ ಹೇಳುವುದಿಲ್ಲ. ಭಾವಚಿತ್ರ ತೆಗೆಸಿಕೊಳ್ಳುವಾಗ ವಿದ್ಯುತ್ ತಗುಲಿ ಇಂಗ್ಲೆಂಡಿನ ಅರಸು ಮನೆತನವೆಲ್ಲ ಒಮ್ಮೆಗೇ ಅಳಿಯುತ್ತದೆ. ವಾರಸುದಾರನೆಂದು ಸಿಕ್ಕುವವನು ಅಮೆರಿಕದ ಲಾಸ್ ವೇಗಸ್ಸಿನಲ್ಲಿ ಪಿಯಾನೊ ನುಡಿಸಿ ಹೊಟ್ಟೆ ಹೊರೆಯುವ ರಾಲ್ಫ್ ಜೋನ್ಸ್. ಅರಮನೆಯ ನಡೆನುಡಿ ಕಲಿಯಲು ಅವನು ಪಡುವ ಪಾಡೇ ಕಥೆ. ನಗೆ ಹಲವೆಡೆ ಅಗ್ಗದ್ದು. ಮುಂದೇನಾಗುವುದೆಂಬುದು ಬಹುಪಾಲು ಮೊದಲೇ ತಿಳಿಯುತ್ತದೆ.

ಆದರೂ ಈ ಚಿತ್ರದ ಮೇಲೆ ನನಗೆ ಅಕ್ಕರೆ. ಜಾನ್ ಗುಡ್‌ಮನ್ನನ ರಾಲ್ಫ್ ಒರಟ, ಆದರೆ ಕ್ಷುದ್ರನಲ್ಲ. ಅವನನ್ನು ಕಂಡು ನಗುವ ನಾವು ಅವನನ್ನು ಕೀಳಾಗಿ ಕಾಣಲಾರೆವು. ಅವನಿಗೆ ಪಾಠ ಹೇಳುವ ಕಾರ್ಯದರ್ಶಿ ವಿಲಿಂಗ್‌ಹ್ಯಾಮನಾಗಿ ಪೀಟರ್ ಓಟೂಲ್. ‘ಬೆಕೆಟ್’ (1964), ‘ದಿ ಲಯನ್ ಇನ್ ವಿಂಟರ್’ (1968) ಎರಡರಲ್ಲೂ ಎರಡನೆಯ ಹೆನ್ರಿ ದೊರೆಯಾಗಿ ಗರ್ಜಿಸಿದ್ದ ಈ ನಟ ಇಲ್ಲಿ ಒಂದು ಹೆಜ್ಜೆ ಹಿಂದೆ ನಿಂತು, ಹುಬ್ಬಿನಲ್ಲೇ ಮಾತನಾಡುತ್ತಾನೆ. ಕೊನೆಗೆ ಹೊರಬೀಳುವ ಗುಟ್ಟು: ಕಾರ್ಯದರ್ಶಿಗೂ ಆ ಸಿಂಹಾಸನದ ಹಕ್ಕುಂಟು. ರಾಲ್ಫ್ ಕಿರೀಟವನ್ನು ಅವನಿಗೊಪ್ಪಿಸಿ ತನ್ನ ಹಾಡಿಗೆ ಮರಳುತ್ತಾನೆ.

ಈ ಗುಟ್ಟಿನಿಂದ ಹಿಂದಿನ ನಗೆಗೆಲ್ಲ ಬೇರೆ ಬಣ್ಣ ಬರುತ್ತದೆ. ಯೋಗ್ಯನಾದವನು ಹಿಂದೆ ಸರಿದು ನಿಂತಿದ್ದ. ಅಯೋಗ್ಯನೆನಿಸಿಕೊಂಡವನು ತನಗೆ ಒಗ್ಗದ ಪೀಠವನ್ನು ಬಿಟ್ಟೇಳುವ ವಿವೇಕ ತೋರಿದ. ಪಾಠ ಕಲಿತವರು ಇಬ್ಬರೂ. ಬರವಣಿಗೆ ಇದನ್ನು ಇನ್ನಷ್ಟು ಬೆಳೆಸಬೇಕಿತ್ತು, ಬೆಳೆಸಲಿಲ್ಲ. ಅದು ಚಿತ್ರದ ಸೋಲು. ಮೆಚ್ಚಿಗೆ ಬೇರೆ, ಅಕ್ಕರೆ ಬೇರೆ. ಮೊದಲನೆಯದನ್ನು ಈ ಚಿತ್ರ ಗಳಿಸಿಲ್ಲ. ಎರಡನೆಯದನ್ನು ನಾನು ಸುಮ್ಮನೆ ಕೊಟ್ಟಿಲ್ಲ.